ತಂತಿ ದಾಟಿದ ನೆಲವೂ ನಿಮ್ಮದೇ: ತೋಟದ ಮಕ್ಕಳಿಗೆ ಕೆಲವು ಕಿವಿಮಾತು

ಶರಾವತಿಯ ವಿದ್ಯುತ್ತನ್ನು ಹೊತ್ತ ತಂತಿಗಳು ನಮ್ಮೂರ ಬ್ಯಾಣದ ಹುಲ್ಲುಗಾವಲು ದಾಟಿ ಹೋದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಹುಡುಗ. ಮುಂದೆ ಸರ್ವೆ ಇಲಾಖೆ ಸೇರಿದೆ, ನಿವೃತ್ತಿಯವರೆಗೂ ಸರಪಳಿ ಹಿಡಿದು ಊರೂರ ಗಡಿ ಅಳೆದೆ. ಈಗ ಸಾಗರ ಸೀಮೆಯ ಇದೇ ಅಡಿಕೆ ತೋಟದಲ್ಲಿದ್ದೇನೆ. ಅಳೆಯುವವನಾಗಿಯೂ ಅಳೆಸಿಕೊಂಡವನಾಗಿಯೂ ಕಂಡದ್ದನ್ನು ತೋಟ ನೋಡಿಕೊಳ್ಳುತ್ತಿರುವ ಮಕ್ಕಳಿಗೆ ಹೇಳಬೇಕೆನಿಸಿದೆ. ತಂತಿಗೋ ಕೊಳವೆಗೋ ನಾವು ಬಿಟ್ಟುಕೊಡುವುದು ಬಳಕೆಯ ಹಕ್ಕನ್ನು ಮಾತ್ರ. ನೆಲ ನಮ್ಮದಾಗಿಯೇ ಉಳಿಯುತ್ತದೆ. ತಂತಿ ಹಾದುಹೋದ ಮಾತ್ರಕ್ಕೆ ಅದರ ಕೆಳಗೆ ಊರಿಗೆ ದಾರಿ ಹುಟ್ಟುವುದಿಲ್ಲ. ಹಾಗೆಯೇ ಊರಿನ ಹಳೆಯ ದಾರಿಯನ್ನು ಮುಚ್ಚುವ ಹಕ್ಕೂ ಅದರಿಂದ ನಮಗೆ ಬರುವುದಿಲ್ಲ. ಈ ಮೂರು ಮಾತು ಗಟ್ಟಿಯಾಗಿ ತಿಳಿದಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೊದಲು ತಿಳಿಯಬೇಕಾದ್ದು

• ದೊಡ್ಡ ವಿದ್ಯುತ್ ಮಾರ್ಗಕ್ಕೆ ಸಾಮಾನ್ಯವಾಗಿ ಭೂಸ್ವಾಧೀನ ಮಾಡುವುದಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 164ನೇ ಕಲಂ ಪ್ರಕಾರ ಸರ್ಕಾರ ಮಾರ್ಗ ಎಳೆಯುವ ಸಂಸ್ಥೆಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಟ್ಟಿರುತ್ತದೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಾಗಲೂ ವಿದ್ಯುತ್ ಮಾರ್ಗಗಳ ಮಟ್ಟಿಗೆ ಹಳೆಯ ಕಾಯ್ದೆಯ ಆ ಭಾಗವನ್ನು ಉಳಿಸಿಕೊಂಡಿದ್ದಾರೆ. ಟೆಲಿಗ್ರಾಫ್ ಕಾಯ್ದೆಯ 10ನೇ ಕಲಂ ಓದಿಸಿಕೊಳ್ಳಿ. ಸಂಸ್ಥೆಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಕೆಲಸ ಮಾಡುವಾಗ ಆದಷ್ಟು ಕಡಿಮೆ ಹಾನಿ ಮಾಡಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಕೊಡಬೇಕು ಎಂದು ಅಲ್ಲಿದೆ.

• ಹಾಗೆಂದು “ನನ್ನ ಒಪ್ಪಿಗೆ ಇಲ್ಲದೆ ತಂತಿ ಎಳೆಯುವಂತೆಯೇ ಇಲ್ಲ” ಎಂದು ನಂಬಿಕೊಂಡು ಕೂರಬೇಡಿ. ಈ ಅಧಿಕಾರ ಪಡೆದ ಸಂಸ್ಥೆಗೆ ಮಾಲೀಕರ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದೆ. ಅಡ್ಡಿ ಮಾಡಿದರೆ ಟೆಲಿಗ್ರಾಫ್ ಕಾಯ್ದೆಯ 16ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗಳು ಆದೇಶ ಮಾಡಬಹುದು. ಆ ಆದೇಶವನ್ನೂ ಮೀರಿದರೆ ಅಪರಾಧವಾಗುತ್ತದೆ. ಟವರ್ ಹತ್ತಡಿ ಆಚೆ ಸರಿಯಲಿ, ಮನೆಯಂಗಳ ತಪ್ಪಲಿ, ಮರ ಕಡಿಮೆ ಬೀಳಲಿ, ಪರಿಹಾರ ಸರಿಯಾಗಿ ಬರಲಿ ಎಂದು ಹೋರಾಡಿ. ಅಲ್ಲಿ ಶ್ರಮ ಹಾಕಿದರೆ ಫಲವಿದೆ.

• ಊರಿನ ಸಾಮಾನ್ಯ ಕಂಬ, 11 ಕೆ.ವಿ. ಮಾರ್ಗದ ವಿಚಾರ ಬೇರೆ. ಅದಕ್ಕೆ 2006ರ ಪರವಾನಗಿದಾರರ ಕಾಮಗಾರಿ ನಿಯಮಗಳಿವೆ. ಅಲ್ಲಿ ಮಾಲೀಕರ ಪೂರ್ವ ಒಪ್ಪಿಗೆ ಕೇಳಬೇಕು. ನೀವು ಆಕ್ಷೇಪಿಸಿದರೆ ಅವರು ಜಿಲ್ಲಾಧಿಕಾರಿಗಳಿಂದಲೋ ಅಧಿಕಾರ ಪಡೆದ ಅಧಿಕಾರಿಯಿಂದಲೋ ಲಿಖಿತ ಅನುಮತಿ ತರಬೇಕು. ಕಂಬ ನೆಟ್ಟ ಮೇಲೂ ಸಕಾರಣವಿದ್ದರೆ ಅದನ್ನು ಸರಿಸಿಕೊಡಿ ಎಂದು ಜಿಲ್ಲಾಧಿಕಾರಿಗಳಿಗೆ ಅರ್ಜಿ ಹಾಕಬಹುದು. ಯಾವ ಮಾರ್ಗ, ಎಷ್ಟು ಕೆ.ವಿ. ಎನ್ನುವುದೇ ಮೊದಲ ಪ್ರಶ್ನೆಯಾಗಲಿ.

• ಅನಿಲ ಮತ್ತು ಪೆಟ್ರೋಲಿಯಂ ಕೊಳವೆಗೆ 1962ರ ಪ್ರತ್ಯೇಕ ಕಾಯ್ದೆಯಿದೆ. ಮಂಗಳೂರು–ಹಾಸನ–ಬೆಂಗಳೂರು ಕೊಳವೆಮಾರ್ಗದ ಬದಿಯವರಿಗೆ, 2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಮಾರ್ಗದ ದಕ್ಷಿಣ ಕನ್ನಡದವರಿಗೆ ಈ ಕಾಯ್ದೆಯ ಪರಿಚಯ ಇದ್ದೇ ಇದೆ. ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅಧಿಸೂಚನೆಗೆ ಮೊದಲೇ ವಾಸದ ಮನೆಯಿದ್ದ ಜಾಗ, ಶಾಶ್ವತ ಕಟ್ಟಡವಿದ್ದ ಜಾಗ, ಮನೆಗೆ ಹೊಂದಿಕೊಂಡ ಹಿತ್ತಲು ಇವುಗಳ ಕೆಳಗೆ ಕೊಳವೆ ಹಾಕುವಂತಿಲ್ಲ. ಎಲ್ಲೇ ಹಾಕಿದರೂ ನೆಲಮಟ್ಟದಿಂದ ಕನಿಷ್ಠ ಒಂದು ಮೀಟರ್ ಆಳದಲ್ಲಿರಬೇಕು.

ಅಳತೆಗೆ ಬಂದ ದಿನ

• ಬಂದವರಿಗೆ ನೀರು, ಬೆಲ್ಲ ಕೊಡಿ. ಆಮೇಲೆ ಅಧಿಕಾರ ಕೊಟ್ಟ ಆದೇಶದ ಪ್ರತಿ, ಮಾರ್ಗದ ನಕ್ಷೆ, ನಿಮ್ಮ ಸರ್ವೆ ನಂಬರಿನ ಪಟ್ಟಿ ಕೇಳಿ. ಕೆಲಸಕ್ಕೆ ಬಂದ ಹುಡುಗರ ಮೇಲೆ ಕೂಗಾಡಬೇಡಿ. ಮಾರ್ಗ ಎಲ್ಲಿ ಹೋಗಬೇಕೆಂದು ತೀರ್ಮಾನಿಸಿದವರು ಅವರಲ್ಲ.

• ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಇವತ್ತೇ ಪೌತಿ ಖಾತೆಗೆ ಅರ್ಜಿ ಕೊಡಿ. ಹೆಸರು ಸರಿಯಿಲ್ಲದ ಕಡೆ ಪರಿಹಾರದ ಹಣ ಕಚೇರಿಯಲ್ಲೇ ಕೂರುತ್ತದೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ಈ ಒಂದು ಕೆಲಸಕ್ಕಾದರೂ ಊರಿಗೆ ಬನ್ನಿ. ಅಪ್ಪ ಅಮ್ಮ ಇಬ್ಬರೇ ಕಚೇರಿ ಅಲೆಯುವಂತೆ ಮಾಡಬೇಡಿ.

• ಪಹಣಿಯ ಬೆಳೆ ಕಾಲಂ ಪ್ರತಿ ವರ್ಷ ನೋಡಿಕೊಳ್ಳಿ. ತೋಟವಿದ್ದ ಕಡೆ “ಭತ್ತ” ಎಂದೋ “ಬೀಳು” ಎಂದೋ ಇದ್ದರೆ ಬೆಳೆ ಸಮೀಕ್ಷೆಯ ಹೊತ್ತಿಗೆ ತಿದ್ದಿಸಿ. ಮರಗಳನ್ನು ದಿನಾಂಕ ಬರುವಂತೆ ಫೋಟೋ ತೆಗೆದಿಡಿ. ತಂತಿಗೆ ಅಡ್ಡವೆಂದು ಮರ ಕಡಿಸಲು ವಿದ್ಯುಚ್ಛಕ್ತಿ ಕಾಯ್ದೆಯ 68ನೇ ಕಲಮಿನಡಿ ಅರ್ಜಿ ಬಂದಾಗ, ತಂತಿಗಿಂತ ಮರ ಮೊದಲಿತ್ತು ಎಂದು ತೋರಿಸಿದರೆ ಅದಕ್ಕೆ ಪರಿಹಾರ ಸಿಗಬೇಕು. ತಂತಿ ಬಂದ ಮೇಲೆ ನೆಟ್ಟ ಮರಕ್ಕೆ ಈ ಆಸರೆಯಿಲ್ಲ. ಹಾಗಾಗಿ ಮರದ ವಯಸ್ಸಿಗೆ ಸಾಕ್ಷಿ ಬೇಕು.

• ಮಹಜರಿಗೆ ಸಹಿ ಹಾಕುವ ಮುನ್ನ ನಿಧಾನವಾಗಿ ಓದಿ. ನನ್ನ ಚಿಕ್ಕಪ್ಪನ ತೋಟದಲ್ಲಿ ಮಹಜರು ಮಾಡುವಾಗ ಅಡಿಕೆ ಮರಗಳನ್ನು ಸರಿಯಾಗಿಯೇ ಎಣಿಸಿದ್ದರು. ಆದರೆ ಆ ಮರಗಳಿಗೆ ಹಬ್ಬಿದ್ದ ಕಾಳುಮೆಣಸಿನ ಬಳ್ಳಿ, ಸಾಲಿನ ನಡುವಿನ ಏಲಕ್ಕಿ, ಬಾಳೆ, ಎರಡು ಮರಕ್ಕೆ ಹಬ್ಬಿಸಿದ್ದ ವೀಳ್ಯದೆಲೆ ಯಾವುದೂ ಹಾಳೆಯಲ್ಲಿರಲಿಲ್ಲ. ಚಿಕ್ಕಪ್ಪ ನಂಬಿಕೆಯಿಂದ ಸಹಿ ಹಾಕಿದರು. ಹಣ ಬಂದದ್ದು ಅಡಿಕೆಗೆ ಮಾತ್ರ. ಚಿಕ್ಕಮ್ಮ ಹನಿ ನೀರು ಹಾಕಿ ಬೆಳೆಸಿದ್ದ ಬಳ್ಳಿಗಳ ಲೆಕ್ಕ ಎಲ್ಲೂ ಬರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ, ಏಕೆಂದರೆ ಅಂದು ನಾನೂ ಅಲ್ಲೇ ಇದ್ದೆ, ನೆನಪಿಸಲಿಲ್ಲ. ಮರ, ಬಳ್ಳಿ, ವಯಸ್ಸು, ಫಸಲು ಬರುತ್ತಿದೆಯೇ, ನೀರಿನ ಪೈಪು, ಅಗಳ, ಬೇಲಿ ಇಷ್ಟೂ ಒಂದೊಂದಾಗಿ ಬರೆಸಿ. ಬರೆಯದಿದ್ದರೆ ಸಹಿಯ ಪಕ್ಕದಲ್ಲೇ ನಿಮ್ಮ ಕೈಬರಹದಲ್ಲಿ ಆಕ್ಷೇಪ ಬರೆಯಿರಿ.

• ಖಾಲಿ ಹಾಳೆಗೂ, “ನಮ್ಮದೇನೂ ತಕರಾರಿಲ್ಲ” ಎಂಬ ಒಂದು ಸಾಲಿನ ಪತ್ರಕ್ಕೂ ಸಹಿ ಹಾಕಬೇಡಿ. ಏನಕ್ಕೆ, ಎಷ್ಟು ಜಾಗಕ್ಕೆ, ಎಷ್ಟು ದಿನಕ್ಕೆ ಎಂಬುದು ಅದರಲ್ಲೇ ಇರಬೇಕು.

ಪರಿಹಾರದ ಲೆಕ್ಕ

• ಮಾರ್ಗದ ಕೆಳಗಿನ ಪಟ್ಟಿಯ ಅಗಲ ವೋಲ್ಟೇಜಿನ ಮೇಲೆ ನಿಂತಿದೆ. ರೂಢಿಯಲ್ಲಿರುವ ಲೆಕ್ಕ ಹೀಗಿದೆ: 11 ಕೆ.ವಿ.ಗೆ 7 ಮೀಟರ್, 33ಕ್ಕೆ 15, 66ಕ್ಕೆ 18, 110ಕ್ಕೆ 22, 220ಕ್ಕೆ 35, 400ಕ್ಕೆ 46.

• ಸರ್ವೆಯವನಾಗಿ ಒಂದು ಸುಲಭ ಲೆಕ್ಕ ಹೇಳಿಕೊಡುತ್ತೇನೆ. ನೂರು ಮೀಟರ್ ಉದ್ದ, ಒಂದು ಮೀಟರ್ ಅಗಲ ಎಂದರೆ ಸುಮಾರು ಒಂದು ಗುಂಟೆ. ಆದ್ದರಿಂದ ನಿಮ್ಮ ತೋಟದಲ್ಲಿ 220 ಕೆ.ವಿ. ಮಾರ್ಗ ನೂರು ಮೀಟರ್ ಹಾದುಹೋದರೆ 35 ಗುಂಟೆ ಅದರ ಕೆಳಗೆ ಬಂತು. ಒಂಬತ್ತಡಿ ಅಂತರದ ತೋಟದಲ್ಲಿ ಗುಂಟೆಗೆ ಹದಿಮೂರು ಮರ, ಒಟ್ಟು 450 ಮರಗಳ ಆಸುಪಾಸು. “ಮೇಲೆ ತಂತಿ ಅಷ್ಟೇ, ನೆಲ ನಿಮಗೇ ಇದೆಯಲ್ಲ” ಎಂದು ಯಾರಾದರೂ ಸಮಾಧಾನ ಹೇಳಿದರೆ ಈ ಲೆಕ್ಕ ಮುಂದಿಡಿ.

• 66 ಕೆ.ವಿ. ಮತ್ತು ಮೇಲಿನ ಮಾರ್ಗಗಳಿಗೆ ಬೆಳೆ, ಮರದ ಪರಿಹಾರವಲ್ಲದೆ ಜಮೀನಿನ ಮೌಲ್ಯ ಕುಗ್ಗಿದ್ದಕ್ಕೂ ಹಣ ಕೊಡಬೇಕೆಂದು ಕೇಂದ್ರ ಇಂಧನ ಸಚಿವಾಲಯ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಟವರ್ ನಿಂತ ಜಾಗಕ್ಕೆ ಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15 ಎಂದಿತ್ತು. 2024ರ ಜೂನ್‌ನಲ್ಲಿ ಇದನ್ನು ಟವರ್ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30ಕ್ಕೆ ಏರಿಸಿದರು. ಟವರಿನ ನಾಲ್ಕು ಕಾಲುಗಳ ನಡುವಿನ ಜಾಗದ ಜೊತೆಗೆ ಪ್ರತಿ ಬದಿಗೆ ಒಂದು ಮೀಟರನ್ನೂ ಸೇರಿಸಿಕೊಳ್ಳಬೇಕು. ರಾಜ್ಯದೊಳಗಿನ ಮಾರ್ಗಕ್ಕೆ ರಾಜ್ಯ ಸರ್ಕಾರ ಒಪ್ಪಿದ ದರ ಅನ್ವಯಿಸುತ್ತದೆ. ಆದ್ದರಿಂದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ “ಈ ಮಾರ್ಗಕ್ಕೆ ಯಾವ ಆದೇಶ, ಯಾವ ದಿನಾಂಕದ್ದು?” ಎಂದು ಲಿಖಿತವಾಗಿ ಕೇಳಿ.

• ಕೊಟ್ಟ ಹಣ ಕಡಿಮೆ ಎನಿಸಿದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕುವ ದಾರಿ ಟೆಲಿಗ್ರಾಫ್ ಕಾಯ್ದೆಯ 16ನೇ ಕಲಮಿನಲ್ಲೇ ಇದೆ. ಜಾಗ ಎಲ್ಲಿದೆ, ತಂತಿ ಜಮೀನಿನ ಅಂಚಿನಲ್ಲಿ ಹೋಗಿದೆಯೋ ನಡುವೆ ಸೀಳಿಕೊಂಡು ಹೋಗಿದೆಯೋ, ಉಳಿದ ನೆಲದ ಬಳಕೆಗೆ ಎಷ್ಟು ಪೆಟ್ಟಾಯಿತು ಎಂಬುದನ್ನೆಲ್ಲ ನೋಡಿಯೇ ಪರಿಹಾರ ನಿರ್ಧರಿಸಬೇಕೆಂದು ಕೇರಳದ ಲಿವಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ನಿಮ್ಮ ವಕೀಲರಿಗೆ ಈ ಹೆಸರು ನೆನಪಿಸಿ.

• ಕೊಳವೆಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10 ಮತ್ತು ಅದರ ಮೇಲೆ ಬೆಳೆ, ಮರಗಳ ಹಾನಿ ಎಂದು 1962ರ ಕಾಯ್ದೆಯಲ್ಲಿದೆ. ಅಲ್ಲಿಯೂ ತೃಪ್ತಿಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರಲ್ಲಿಗೆ ಹೋಗಬಹುದು.

ಕೆಲಸ ಮುಗಿದ ಮೇಲೆ ಉಳಿಯುವ ದಾರಿ

• ಇಲ್ಲಿಯೇ ಹೆಚ್ಚಿನವರು ಎಡವುವುದು. ನಮ್ಮಲ್ಲಿ ಟವರ್ ಸಾಮಾನು ಸಾಗಿಸಲು ಗುತ್ತಿಗೆದಾರರು ಬ್ಯಾಣದ ಅಂಚಿನಲ್ಲಿ ಜೆಸಿಬಿಯಿಂದ ಧರೆ ಕಡಿದು ದಾರಿ ಮಾಡಿದರು. ಕೆಲಸ ಮುಗಿಯಿತು, ದಾರಿ ಉಳಿಯಿತು. ಮೊದಲು ಶಾಲೆಯ ಮಕ್ಕಳು ಹತ್ತಿರದ ದಾರಿಯೆಂದು ನಡೆದರು. ಆಮೇಲೆ ಬೈಕು ಬಂತು, ಹೊಳೆಗೆ ಹೋಗುವ ಟ್ರ್ಯಾಕ್ಟರ್ ಬಂತು. ಕೆಲವೇ ವರ್ಷದಲ್ಲಿ ಅದಕ್ಕೆ “ಟವರ್ ರಸ್ತೆ” ಎಂದು ಹೆಸರೂ ಬಿತ್ತು. ಒಂದು ದಿನ ಅದಕ್ಕೆ ಕಾಂಕ್ರೀಟ್ ಹಾಕಿಸಲು ಅರ್ಜಿ ಹೋಗಿದೆ ಎಂಬ ಸುದ್ದಿ ಬಂದಾಗಲೇ ನಾವು ಎಚ್ಚೆತ್ತದ್ದು.

• ತಂತಿಯ ಪಟ್ಟಿಯಲ್ಲಿ ಓಡಾಡುವ ಹಕ್ಕು ಆ ಸಂಸ್ಥೆಯ ಕೆಲಸದವರಿಗೆ ಇದೆ, ಅದೂ ಮಾರ್ಗ ನೋಡಿಕೊಳ್ಳುವುದಕ್ಕೆ. ಆ ಹಕ್ಕನ್ನು ಅವರು ಊರಿಗೆ ಹಂಚಲು ಬರುವುದಿಲ್ಲ. ಖಾಸಗಿ ನೆಲದಲ್ಲಿ ರಸ್ತೆ ಬೇಕಿದ್ದರೆ ಮಾಲೀಕರು ನೋಂದಾಯಿತ ದಾನಪತ್ರ ಮಾಡಿಕೊಡಬೇಕು, ಇಲ್ಲವೇ ಸರ್ಕಾರ ಕಾನೂನಿನ ಪ್ರಕಾರ ಸ್ವಾಧೀನ ಮಾಡಿಕೊಳ್ಳಬೇಕು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂದು ಸಂವಿಧಾನದ 300ಎ ವಿಧಿಯೇ ಹೇಳುತ್ತದೆ.

• ಕೆಲಸ ಶುರುವಾಗುವ ಮುನ್ನವೇ “ಮುಗಿದ ಮೇಲೆ ತಾತ್ಕಾಲಿಕ ದಾರಿಯನ್ನು ಮುಚ್ಚಿ, ಧರೆ ಮತ್ತು ಅಗಳವನ್ನು ಮೊದಲಿನಂತೆ ಮಾಡಿಕೊಡಬೇಕು” ಎಂದು ಬರೆಸಿಕೊಳ್ಳಿ. ನಾವು ಬರೆಸಿಕೊಳ್ಳಲಿಲ್ಲ.

• ಬೇಲಿ ಹಾಕಿ, ಆದರೆ ಕೆಲಸದವರಿಗೆ ಉಣಗೋಲಿನ ಬಾಗಿಲು ಇಡಿ. ಬೀಗ ಹಾಕುವುದಾದರೆ ಒಂದು ಕೀಲಿಯನ್ನು ಸೆಕ್ಷನ್ ಆಫೀಸಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆಗಾಲದ ರಾತ್ರಿ ತಂತಿ ಹರಿದು ಬಿದ್ದಾಗ ಲೈನ್‌ಮನ್ ನಿಮ್ಮ ಬೇಲಿ ಹಾರಿ ಬರುವಂತಾಗಬಾರದು. ಅವರಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಅಕ್ಕಪಕ್ಕದವರ ದಾರಿ, ನೀರು

• ಬೇಲಿ ಹಾಕುವ ಮುನ್ನ ಗ್ರಾಮ ನಕಾಶೆ ನೋಡಿ. ಜೋಡಿ ಚುಕ್ಕಿ ಗೆರೆ ಬಂಡಿದಾರಿ, ಒಂಟಿ ಚುಕ್ಕಿ ಗೆರೆ ಕಾಲುದಾರಿ. ಪಹಣಿಯಲ್ಲಿ ಖರಾಬು ಇದ್ದರೆ ಎ-ಖರಾಬೋ ಬಿ-ಖರಾಬೋ ಕೇಳಿ. ಬಿ-ಖರಾಬು ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು. ಮೇಲೆ ತಂತಿ ಬಂದಿದೆ ಎಂಬ ನೆಪ ಹೇಳಿ ನಕಾಶೆ ದಾರಿ ಮುಚ್ಚುವುದು ಅನ್ಯಾಯ. ಆ ದಾರಿಯಲ್ಲಿ ಊರಿನ ಎಲ್ಲರ ಪಾಲಿದೆ.

• ನಕಾಶೆಯಲ್ಲಿಲ್ಲದ ದಾರಿಗೂ ಹಕ್ಕು ಹುಟ್ಟಬಹುದು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಯಾರಾದರೂ ತನ್ನ ಜಮೀನಿಗೆ ಹೋಗಲು ನಿಮ್ಮ ನೆಲದಲ್ಲಿ ಬಹಿರಂಗವಾಗಿ, ಶಾಂತಿಯಿಂದ, ತನ್ನ ಹಕ್ಕೆಂದೇ ತಿಳಿದು, ತಡೆಯಿಲ್ಲದೆ 20 ವರ್ಷ ನಡೆದರೆ ಅದು ಅನುಭೋಗದ ಹಕ್ಕಾಗುತ್ತದೆ. ವರ್ಷಕ್ಕೊಂದು ದಿನ ಬೇಲಿ ಮುಚ್ಚಿದರೆ ಸಾಕು ಎಂದು ನಂಬಬೇಡಿ. ನೀವು ತಡೆದದ್ದು ಗೊತ್ತಾಗಿಯೂ ಅವರು ಒಂದು ವರ್ಷ ಸುಮ್ಮನಿದ್ದರೆ ಮಾತ್ರ ಕಾಯ್ದೆ ಅದನ್ನು ತಡೆಯೆಂದು ಎಣಿಸುತ್ತದೆ.

• ಅನುಮತಿಯಿಂದ ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ಹೀಗಾಗಿ ದಾರಿ ಕೊಡಿ, ಕೊಟ್ಟದ್ದನ್ನು ಬರೆದಿಡಿ. ಟವರ್ ರಸ್ತೆಯ ವಿಷಯದಲ್ಲಿ ಕೊನೆಗೆ ನಾವು ಮಾಡಿದ್ದು ಇದನ್ನೇ. ಪಕ್ಕದ ಕೇರಿಯವರನ್ನು ಜಗಲಿಗೆ ಕರೆದು, ಕಷಾಯ ಕುಡಿದು, ಒಂದು ಹಾಳೆ ಬರೆದೆವು: “ಈ ಸರ್ವೆ ನಂಬರಿನ ಪೂರ್ವದ ಅಂಚಿನಲ್ಲಿ ಶಾಲೆಯ ಮಕ್ಕಳೂ ಮನೆಯವರೂ ನಡೆದುಹೋಗಲು ಮಾಲೀಕರು ಅನುಮತಿ ಕೊಟ್ಟಿದ್ದಾರೆ. ಇದು ಅನುಮತಿಯ ದಾರಿ, ಹಕ್ಕಿನ ದಾರಿಯಲ್ಲ. ವಾಹನಕ್ಕೆ ಅವಕಾಶವಿಲ್ಲ.” ಎರಡೂ ಕಡೆಯವರು ಸಹಿ ಹಾಕಿದರು. ಆ ಜಾಗದಲ್ಲಿ ದಣಪೆ ಕಟ್ಟಿದೆವು. ಮನುಷ್ಯರು ದಾಟುತ್ತಾರೆ, ಟ್ರ್ಯಾಕ್ಟರ್ ದಾಟುವುದಿಲ್ಲ. ಕಾಂಕ್ರೀಟಿನ ಮಾತು ಅಲ್ಲಿಗೆ ನಿಂತಿತು, ಮಕ್ಕಳ ನಡಿಗೆ ನಿಲ್ಲಲಿಲ್ಲ.

• ಅನುಮತಿ ಪಡೆದವರು ಅದನ್ನು ನಂಬಿ ತಮ್ಮ ಖರ್ಚಿನಲ್ಲಿ ಶಾಶ್ವತವಾದ ಕಟ್ಟಡವನ್ನೋ ಮೋರಿಯನ್ನೋ ಕಟ್ಟಿಸಿಕೊಂಡರೆ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅಡಿಕೆ ಮರದ ಸಂಕ ಹಾಕಿಕೊಳ್ಳಲಿ, ಸಂತೋಷ. ಸಿಮೆಂಟಿನ ಮಾತು ಬಂದರೆ ಮೊದಲು ಕೂತು ಮಾತಾಡಿ.

• ಸುತ್ತಲೂ ಬೇರೆಯವರ ಜಮೀನಿದ್ದು, ತನ್ನ ಜಮೀನಿಗೆ ಬೇರೆ ದಾರಿಯೇ ಇಲ್ಲದವನಿಗೆ, ಒಂದೇ ಹಿಡುವಳಿ ಪಾಲಾದಾಗ ಹುಟ್ಟುವ ಅನಿವಾರ್ಯದ ದಾರಿ ಇದೆ. ಅದನ್ನು ತಡೆಯಬೇಡಿ. ಬೇರೆ ದಾರಿ ಸಿಕ್ಕಿ ಅನಿವಾರ್ಯ ತೀರಿದ ದಿನ ಆ ಹಕ್ಕೂ ತೀರುತ್ತದೆ.

• ನಮ್ಮ ಕಡೆ ಅಬ್ಬಿ ನೀರು ಒಬ್ಬರ ಬೆಟ್ಟದಲ್ಲಿ ಹುಟ್ಟಿ ಇನ್ನೊಬ್ಬರ ತೋಟ ದಾಟಿ ಮತ್ತೊಬ್ಬರ ಬಚ್ಚಲಿಗೆ ಬರುತ್ತದೆ. ಹಿಂದೆ ಅಡಿಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ. ಹಕ್ಕಿನ ಪೈಪು ಒಡೆದರೆ ನೀರಿನವರು ನಿಮ್ಮ ನೆಲಕ್ಕೆ ಬಂದು ಅಗೆದು ಸರಿಮಾಡಬಹುದು. ಅಗೆದ ನೆಲವನ್ನು ಮೊದಲಿನಂತೆ ಮುಚ್ಚಿಕೊಡಬೇಕು. ಇದನ್ನು ಈಸ್‌ಮೆಂಟ್ ಕಾಯ್ದೆಯೇ ಉದಾಹರಣೆಯಾಗಿ ಕೊಟ್ಟಿದೆ. ದೊಡ್ಡ ಸಂಸ್ಥೆಯಿಂದ ನೀವು ಬಯಸುವ ಮರ್ಯಾದೆಯನ್ನು ನೆರೆಯವರ ತೋಟದಲ್ಲಿ ನೀವೂ ತೋರಿಸಿ.

• ದಾರಿ, ನೀರಿನ ಜಗಳ ಹೊಡೆದಾಟಕ್ಕೆ ತಿರುಗುವಂತಿದ್ದರೆ ಕತ್ತಿ ಹಿಡಿಯಬೇಡಿ, ತಹಶೀಲ್ದಾರರಲ್ಲಿಗೆ ಹೋಗಿ. ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಲ್ಲಿ, ಅಂದರೆ ಹಿಂದಿನ ಸಂಹಿತೆಯ 147ರಲ್ಲಿ, ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಿ ಅವರು ವಿಚಾರಿಸಬಹುದು. ಹಕ್ಕಿನ ಕೊನೆಯ ತೀರ್ಮಾನ ಸಿವಿಲ್ ನ್ಯಾಯಾಲಯದ್ದು.

ತಂತಿಯ ಕೆಳಗೆ, ಕೊಳವೆಯ ಮೇಲೆ

• ತಂತಿಯ ಹತ್ತಿರದ ಮರಗಳಲ್ಲಿ ದೋಟಿಯಿಂದ ಕೊನೆ ಕೊಯ್ಯಿಸಬೇಡಿ. ಈಗಿನ ಕಾರ್ಬನ್ ಫೈಬರ್ ದೋಟಿ ಹಗುರ, ಉದ್ದ, ಕೈಗೆ ಒಗ್ಗುತ್ತದೆ. ಆದರೆ ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ಏಣಿ, ಎತ್ತಿ ಹಿಡಿದ ಸ್ಪ್ರಿಂಕ್ಲರ್ ಪೈಪು, ಕೊಳೆರೋಗಕ್ಕೆ ಮೇಲೆ ಚಿಮ್ಮಿಸುವ ಬೋರ್ಡೋ ದ್ರಾವಣ ಎಲ್ಲಕ್ಕೂ ಇದೇ ಮಾತು. ಅಂಥ ಮರಗಳಿಗೆ ಬಣ್ಣದ ಪಟ್ಟಿ ಬಳಿಯಿರಿ. ಹೊಸದಾಗಿ ಬಂದ ಕೊನೆಗಾರರಿಗೆ ಮೊದಲು ಅದನ್ನೇ ತೋರಿಸಿ. ನಾಲ್ಕು ಕೊನೆ ಮರದಲ್ಲೇ ಒಣಗಿದರೆ ಒಣಗಲಿ.

• ಹರಿದ ತಂತಿ ಕಂಡರೆ ಹತ್ತಿರ ಹೋಗದೆ, ದನಕರು ಬಿಡದೆ, 1912ಕ್ಕೆ ಫೋನ್ ಮಾಡಿ.

• ಕೊಳವೆಯ ಪಟ್ಟಿಯಲ್ಲಿ ಮೊದಲಿನಂತೆ ಉಳುಮೆ ಮಾಡಬಹುದು. ಕಟ್ಟಡ, ಕೆರೆ, ಬಾವಿ, ಮರ ಕೂಡದು. ಗುರುತಿನ ಕಲ್ಲು ಕೀಳಬೇಡಿ. ಜೆಸಿಬಿ ಕರೆಸುವ ಮುನ್ನ ಅದರ ಮೇಲಿರುವ ನಂಬರಿಗೆ ತಿಳಿಸಿ.

• ಮುಂದೆ ಮನೆ ಕಟ್ಟಬೇಕಾಗಿ ತಂತಿ ಅಡ್ಡವಾದರೆ, ಅದನ್ನು ಜಮೀನಿನ ಬೇರೆ ಕಡೆಗೆ ಸರಿಸಲೋ ಎತ್ತರಿಸಲೋ ಕೇಳುವ ಹಕ್ಕು ಟೆಲಿಗ್ರಾಫ್ ಕಾಯ್ದೆಯ 17ನೇ ಕಲಮಿನಲ್ಲಿದೆ. ಪರಿಹಾರ ಪಡೆದಿದ್ದರೆ ಸ್ಥಳಾಂತರದ ಖರ್ಚು ಅಥವಾ ಪಡೆದ ಹಣದ ಅರ್ಧ, ಯಾವುದು ಕಡಿಮೆಯೋ ಅಷ್ಟನ್ನು ನೀವು ಕಟ್ಟಬೇಕಾಗುತ್ತದೆ.

ಕೊಳ್ಳುವ ಮುನ್ನ

• ಜಮೀನಾಗಲಿ, ಬೆಂಗಳೂರಿನ ಸೈಟಾಗಲಿ, ಕಾಗದ ನೋಡಿದ ಮೇಲೆ ತಲೆಯೆತ್ತಿ ಮೇಲೂ ನೋಡಿ. ಋಣಭಾರ ಪತ್ರದಲ್ಲಿ (ಇ.ಸಿ.) ತಂತಿ ಕಾಣದೆ ಇರಬಹುದು. ಪಹಣಿಯ ಕಾಲಂ 11ರಲ್ಲಿ ಇತರ ಹಕ್ಕುಗಳು ಏನಿವೆ ಎಂದು ಓದಿ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಪಕ್ಕದಲ್ಲಿ ಕನಿಷ್ಠ 1.2 ಮೀಟರ್ ಅಂತರ ಬೇಕು. ಬಾಲ್ಕನಿ ಮುಂದಕ್ಕೆ ಎಳೆಯುವ ಆಸೆಗೆ ಆ ಅಂತರವನ್ನು ತಿನ್ನಬೇಡಿ. ಅಲ್ಲಿ ಬಟ್ಟೆ ಒಣಹಾಕಲು ನಿಲ್ಲುವವರು ನಿಮ್ಮ ಮನೆಯವರೇ.

ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಚರಗ ಚೆಲ್ಲುತ್ತ ನಾವು ತೋಟದ ಅಂಚು ಸುತ್ತುತ್ತೇವಲ್ಲ, ಈ ವರ್ಷ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಗಡಿಕಲ್ಲು ಎಲ್ಲಿದೆ, ಟವರಿನ ಕಾಲು ಎಲ್ಲಿದೆ, ನೀರಿನ ಪೈಪು ಎಲ್ಲಿ ದಾಟುತ್ತದೆ, ದಣಪೆ ಯಾರಿಗಾಗಿ ಬಿಟ್ಟದ್ದು ಎಂದು ಒಂದೊಂದನ್ನೂ ಮುಟ್ಟಿ ತೋರಿಸಿ. ಬೆಳಕು ಹರಿದ ಮೇಲೆ ಮರಗಳ ಫೋಟೋ ತೆಗೆಯಿರಿ. ಮನೆಗೆ ಬಂದು ಪಹಣಿ, ನಕಾಶೆ, ಮಹಜರಿನ ಪ್ರತಿ, ದಾರಿಯ ಹಾಳೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಡಿ. ಆ ಪೆಟ್ಟಿಗೆಯ ಕೀಲಿ ಎಲ್ಲಿದೆ ಎಂಬುದನ್ನೂ ಮಕ್ಕಳಿಗೆ ಹೇಳಿ.